ಐವತ್ತು ಗುಂಟೆಯ ಲೆಕ್ಕ

ಹುಬ್ಬಳ್ಳಿಯ ಹೊರವಲಯದಲ್ಲಿ ಕಲ್ಯಾಣ ಮಂಟಪ ಕಟ್ಟಿಸಬೇಕೆಂದು ಬಂದ ಅಣ್ಣತಮ್ಮಂದಿರು, ಕಟ್ಟಡದ ಮುಂಭಾಗ ಹೇಗಿರಬೇಕೆಂಬ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡೇ ಬಂದಿದ್ದರು. 1 ಎಕರೆ 10 ಗುಂಟೆ ಜಮೀನು, 800 ಜನ ಕೂರುವ ಸಭಾಂಗಣ, ನಾಲ್ಕು ಕೋಟಿ ಸಾಲ. "ಸಾಹೇಬರೇ, ಮುಂದಿನ ವಾರ ನಕ್ಷೆ ಕೊಟ್ಟರೆ ಬ್ಯಾಂಕಿಗೆ ಹೋಗಿಬಿಡುತ್ತೇವೆ" ಎಂದರು ಇಬ್ಬರಲ್ಲಿ ಹಿರಿಯರು. ನಾನು ಆರು ವಾರ ಸಮಯ ಕೇಳಿದೆ, ಆ ಜಾಗದಲ್ಲಿ ಅದು ಆಗುತ್ತದೋ ಇಲ್ಲವೋ ಎಂದು ಹೇಳುವ ಕಾರ್ಯಸಾಧ್ಯತಾ ವರದಿಗೆ ಬೇರೆ ಶುಲ್ಕವನ್ನೂ ಕೇಳಿದೆ.

ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಮೊದಲು ನಕ್ಷೆಯನ್ನೇ ಕೊಡುತ್ತಿದ್ದೆ. ಬಣ್ಣದ ಚಿತ್ರ ಒಮ್ಮೆ ಮನೆಯ ಗೋಡೆ ಏರಿತೆಂದರೆ, ಆ ಜಾಗದಲ್ಲಿ ಅದು ಆಗದು ಎಂಬ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹಾಗೆ ಶುರುವಾಗಿ ಅರ್ಧಕ್ಕೆ ನಿಂತ ಕಟ್ಟಡವೊಂದರ ತುಕ್ಕು ಹಿಡಿದ ಸರಳುಗಳು ಇಂದಿಗೂ ನನ್ನ ದಾರಿಯಲ್ಲಿ ಕಾಣುತ್ತವೆ. ಅದರ ನಕ್ಷೆಯ ಮೇಲೆ ನನ್ನ ಸಹಿ ಇದೆ.

ಕೆಲಸ ಶುರುವಾಗಿದ್ದು ಪಹಣಿಯಿಂದ. 50 ಗುಂಟೆಯಲ್ಲಿ 4 ಗುಂಟೆ ಬಿ ಖರಾಬು ಎಂದು ಅದರಲ್ಲೇ ಬರೆದಿತ್ತು. ಎ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಬಿ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಉಪಯೋಗದ್ದು, ಅದರ ಮೇಲೆ ಕಟ್ಟುವಂತಿಲ್ಲ. ತಂದೆಯ ಕಾಲದಿಂದಲೂ ಉಳುಮೆ ಮಾಡಿಕೊಂಡು ಬಂದದ್ದರಿಂದ ಅವರಿಗೆ ಅದು ತಮ್ಮದೇ ಎನ್ನಿಸಿತ್ತು. ಜಮೀನಿನ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ಸರ್ವೆಯರ್ ಗುರುತಿಸಿದ ಮೇಲೆ ಕಟ್ಟಲು ಉಳಿದದ್ದು 46 ಗುಂಟೆ. ಆ ಖರಾಬಿನ ಹಳ್ಳ ಎಷ್ಟು ಉಕ್ಕುತ್ತದೆ ಎಂಬುದು ಮಾತ್ರ ಯಾವ ದಾಖಲೆಯಲ್ಲೂ ಇರಲಿಲ್ಲ. ಪಕ್ಕದ ಹೊಲದ ಅಜ್ಜನನ್ನು ಕೇಳಿದೆ. "ತಮ್ಮಾ, 2019ರ ಮಳೆಯಲ್ಲಿ ಆ ಜಾಲಿ ಗಿಡದ ಬುಡದವರೆಗೂ ನೀರು ನಿಂತಿತ್ತು" ಎಂದು ಕೋಲು ಚಾಚಿ ತೋರಿಸಿದರು. ಅಣ್ಣತಮ್ಮಂದಿರು ಅಡುಗೆಮನೆ ಬರಲಿ ಎಂದಿದ್ದ ಜಾಗ ಜಾಲಿ ಗಿಡಕ್ಕೂ ಈಚೆಗಿತ್ತು, ಹಳ್ಳದ ಮಗ್ಗುಲಿಗೆ.

ನನಗೆ ಹೆಚ್ಚು ಚಿಂತೆ ಇದ್ದದ್ದು ಮಣ್ಣಿನದು. ನೆಲ ನೋಡಲು ನಾನು ಏಪ್ರಿಲ್‌ನಲ್ಲಿ ಹೋಗಲು ಬಯಸುತ್ತೇನೆ. ಎರೆಭೂಮಿ ಆಗ ಬಾಯಿ ಬಿಟ್ಟಿರುತ್ತದೆ. ಒಂದು ಬಿರುಕಿಗೆ ಅಳತೆ ಟೇಪು ಇಳಿಸಿದೆ, ಮೂರು ಅಡಿ ಹೋಯಿತು. ಕೊಳವೆ ಕೊರೆದು ಮಣ್ಣು ತೆಗೆಸಿದ ಮೇಲೆ, ಪ್ರಯೋಗಾಲಯದವರಿಗೆ ಹೇಳಿ ಒಂದು ಪರೀಕ್ಷೆಯನ್ನು ಅಣ್ಣತಮ್ಮಂದಿರ ಕಣ್ಣೆದುರೇ ಮಾಡಿಸಿದೆ. ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಗಾಜಿನ ಅಳತೆ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಮರುದಿನ ಬಂದು ನೋಡಿದಾಗ ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು 11ರ ಗೆರೆಯಲ್ಲಿತ್ತು, ನೀರಿನ ಜಾಡಿಯಲ್ಲಿ 24ಕ್ಕೆ ಏರಿತ್ತು. ಆ ಜಾಡಿಯನ್ನು ತಮ್ಮ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹತ್ತು ಪುಟ ವಿವರಣೆ ಮಾಡದ ಕೆಲಸವನ್ನು ಆ ಜಾಡಿ ಮಾಡಿತು. ಇಂಥ ಮಣ್ಣಿನಲ್ಲಿ ಮಾಮೂಲಿ ಪಾಯ ನಿಲ್ಲದು. ಕಂಬದ ಎರಡೂವರೆ ಪಟ್ಟು ಅಗಲಕ್ಕೆ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು, ಮಳೆ ಬಿಸಿಲಿಗೆ ಮಣ್ಣು ಹಿಗ್ಗಿ ಕುಗ್ಗುವ ಪದರದ ಕೆಳಗೆ, ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಇಳಿಸಬೇಕು. ಅವರ ನಾಲ್ಕು ಕೋಟಿಯಲ್ಲಿ ಇದರ ಖರ್ಚು ಸೇರಿರಲಿಲ್ಲ.

ವಾಹನ ನಿಲುಗಡೆಯ ಲೆಕ್ಕ ಸರಳವಾದದ್ದು. 800 ಜನಕ್ಕೆ 100 ಕಾರು ಎಂದಿಟ್ಟುಕೊಂಡರೂ, ತಿರುಗುವ ಜಾಗ ಸೇರಿ ಒಂದಕ್ಕೆ ಸುಮಾರು 270 ಚದರ ಅಡಿ ಬೇಕು. ಗುಂಟೆಗೆ 1,089 ಚದರ ಅಡಿಯಂತೆ ಕಾರುಗಳಿಗೇ 25 ಗುಂಟೆ ಹೋಯಿತು. ಒಳಗೆ ಬರುವ ದಾರಿ ಚಕ್ಕಡಿ ದಾರಿ. ಇಂಥ ಕಟ್ಟಡಕ್ಕೆ ನಿಯಮ ಕೇಳುವ ಅಗಲ ಅದಕ್ಕಿಲ್ಲ.

ಆದಾಯದ ಲೆಕ್ಕಕ್ಕೆ ನಾನು ಪಂಚಾಂಗವನ್ನೇ ನೆಚ್ಚುತ್ತೇನೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟು ಮೂರು ವರ್ಷಗಳ ಮದುವೆ ಮುಹೂರ್ತಗಳನ್ನು ತಮ್ಮನ ಕೈಯಲ್ಲೇ ಗುರುತು ಹಾಕಿಸಿದೆ. ಆಮೇಲೆ ಇಬ್ಬರೂ ಕೂಡಿ ಪರಿಚಯದ ಮಂಟಪಗಳಿಗೆ ಹೋಗಿ, ಮುಂಗಡ ಪಡೆದು ಬರೆದಿಡುವ ಡೈರಿಗಳನ್ನು ಕೇಳಿ ನೋಡಿದೆವು. ಅವರು ಅಂದುಕೊಂಡದ್ದು ವರ್ಷಕ್ಕೆ 90 ಬಾಡಿಗೆ. ಚೆನ್ನಾಗಿ ನಡೆಯುವ ಮಂಟಪದ ಡೈರಿಯಲ್ಲೂ 41 ಮೀರಿರಲಿಲ್ಲ. ಒಂದೇ ಮುಹೂರ್ತಕ್ಕೆ ನಾಲ್ಕು ಮನೆಯವರು ಬಂದರೂ ಮಂಟಪ ಸಿಗುವುದು ಒಬ್ಬರಿಗೇ! ಬಾಡಿಗೆ ಒಂದು ಲಕ್ಷವಾದರೆ 41 ಲಕ್ಷ. ನಾಲ್ಕು ಕೋಟಿಗೆ ಶೇಕಡ 10ರ ಬಡ್ಡಿಯೇ 40 ಲಕ್ಷ.

ವರದಿಯನ್ನು ಅವರ ಮನೆಯ ಪಡಸಾಲೆಯಲ್ಲಿ ತಾಯಿಯ ಎದುರು ಓದಿದೆ. ನಡುವೆ ಹಿರಿಯರು ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬಂದರು. "ಹಾಗಾದರೆ ಏನೂ ಆಗುವುದಿಲ್ಲವೇ?" ಎಂದು ಕೇಳಿದ್ದು ತಾಯಿ. ಆಗುತ್ತದಮ್ಮ ಎಂದೆ. 350 ಜನರ ಸಭಾಂಗಣ, ಒಂದೂವರೆ ಕೋಟಿಯೊಳಗಿನ ಸಾಲ, ಜಾಲಿ ಗಿಡದಿಂದ ಹಳ್ಳದವರೆಗಿನ ನೆಲ ಬಯಲಾಗಿಯೇ ಇರಬೇಕು, ಕಟ್ಟಡ ರಸ್ತೆಯ ಕಡೆಗೆ ಸರಿಯಬೇಕು. ಮದುವೆ ಇಲ್ಲದ ತಿಂಗಳುಗಳಲ್ಲಿ ಸಭೆ, ತರಬೇತಿಗೆ ಕೊಡುವಂತಿರಬೇಕು. ಇವಿಷ್ಟೂ ದಾರಿ ಅಗಲವಾದರೆ ಮಾತ್ರ.

ಈಗ ಹಿರಿಯರು ದಾರಿಯ ಬದಿಯ ಪಟ್ಟಿ ನೆಲಕ್ಕಾಗಿ ಆ ಅಜ್ಜನೊಡನೆ ಮಾತುಕತೆ ನಡೆಸಿದ್ದಾರೆ. ಅದು ಬಗೆಹರಿದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಗೆ, ನಮ್ಮ ಕಡೆಯ ಮಾತಿನಲ್ಲಿ ಎನ್‌ಎಗೆ, ಅರ್ಜಿ ಹಾಕುತ್ತಾರೆ. ನಾನಿನ್ನೂ ಒಂದು ಗೆರೆಯನ್ನೂ ಎಳೆದಿಲ್ಲ.