ಅಮೆರಿಕಾದಲ್ಲಿ ಚೈಲ್ಡ್ ಸಪೋರ್ಟ್ ಎಷ್ಟು ಬರತ್ತೆ ಅಂತ ಲೆಕ್ಕ ಹಾಕೋದು ಹೇಗೆ

ಚೈಲ್ಡ್ ಸಪೋರ್ಟ್ ಅಂದ್ರೆ ಮಗು ಖರ್ಚಿಗೆ ಅಪ್ಪನೋ ಅಮ್ಮನೋ ಇನ್ನೊಬ್ಬರಿಗೆ ತಿಂಗಳು ತಿಂಗಳು ಕೊಡೋ ದುಡ್ಡು. ಡಿವೋರ್ಸ್ ಆಗ್ತಿರೋರು ಮೊದಲು ಕೇಳೋದೇ "ಜಡ್ಜ್ ಎಷ್ಟು ಹಾಕ್ತಾರೆ" ಅಂತ. ಜಡ್ಜ್ ಮನಸ್ಸಿಗೆ ಬಂದಷ್ಟು ಹಾಕೋಕಾಗಲ್ಲ ರೀ, 1988ರ ಫೆಡರಲ್ ಕಾನೂನು ಬಂದ್ಮೇಲೆ ಪ್ರತಿ ಸ್ಟೇಟಲ್ಲೂ ಲೆಕ್ಕ ಹಾಕೋ ಫಾರ್ಮುಲಾ ಇರೋ ಒಂದು ಗೈಡ್‌ಲೈನ್ ಇದೆ, ಅದನ್ನ ಬಿಟ್ಟು ಬೇರೆ ಮೊತ್ತ ಹಾಕಿದ್ರೆ ಕಾರಣ ಕೊಡಬೇಕು. ಜಗಳ ನಡಿಯೋದೆಲ್ಲಾ ಫಾರ್ಮುಲಾ ಒಳಗೆ ಯಾವ ನಂಬರ್ ಹಾಕ್ಬೇಕು ಅನ್ನೋದ್ರ ಮೇಲೆ.

ಹಾಗಾಗಿ ಮೊದಲು ನಿಮ್ಮ ಸ್ಟೇಟ್ ಯಾವ ಪದ್ಧತಿ ಫಾಲೋ ಮಾಡತ್ತೆ ನೋಡ್ಕೊಳ್ಳಿ. ಟೆಕ್ಸಾಸಲ್ಲಿ ಸುಲಭ, ಕೊಡಬೇಕಾದವರ ಆದಾಯ ಮಾತ್ರ ನೋಡ್ತಾರೆ, ಒಂದು ಮಗುಗೆ 20 ಪರ್ಸೆಂಟ್, ಎರಡಕ್ಕೆ 25, ಮೂರಕ್ಕೆ 30. ಇದು ಗ್ರಾಸ್ ಮೇಲಲ್ಲ, ಟ್ಯಾಕ್ಸ್, ಸೋಶಿಯಲ್ ಸೆಕ್ಯೂರಿಟಿ, ಮಗುವಿನ ಹೆಲ್ತ್ ಇನ್ಶೂರೆನ್ಸ್ ಎಲ್ಲಾ ಕಳೆದು ಉಳಿಯೋ ನೆಟ್ ಮೇಲೆ. ಲೆಕ್ಕಕ್ಕೆ ಹಿಡಿಯೋ ನೆಟ್ ಆದಾಯಕ್ಕೆ ಮೇಲ್ಮಿತಿನೂ ಇದೆ, 2025ರ ಸೆಪ್ಟೆಂಬರಿಂದ ತಿಂಗಳಿಗೆ 11,700 ಡಾಲರ್. ಅಂದ್ರೆ ನೆಟ್ 14,000 ಬರ್ತಿದ್ರೂ ಎರಡು ಮಕ್ಕಳಿಗೆ ಗೈಡ್‌ಲೈನ್ ಪ್ರಕಾರ 2,925, ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಮಗುಗೆ ಅಂಥಾ ಖರ್ಚಿದೆ ಅಂತ ತೋರಿಸಬೇಕು.

ಹೆಚ್ಚಿನ ಸ್ಟೇಟ್‌ಗಳಲ್ಲಿ ಹೀಗಿಲ್ಲ, ಅಪ್ಪ ಅಮ್ಮ ಇಬ್ಬರ ಆದಾಯನೂ ಕೂಡಿಸ್ತಾರೆ, ಇದಕ್ಕೆ ಇನ್‌ಕಮ್ ಶೇರ್ಸ್ ಅಂತಾರೆ. ಅಪ್ಪಂದು 6,000, ಅಮ್ಮಂದು 4,000, ಒಟ್ಟು 10,000 ಅನ್ಕೊಳ್ಳಿ. ಸ್ಟೇಟಿನ ಟೇಬಲ್ ತೆಗೆದು ಇಷ್ಟು ಆದಾಯ ಇರೋ ಮನೇಲಿ ಮಗುಗೆ ಎಷ್ಟು ಅಂತ ನೋಡ್ಬೇಕು, ಉದಾಹರಣೆಗೆ 1,500 ಅಂತ ಇಟ್ಕೊಳ್ಳೋಣ. ಮಗು ಅಮ್ಮನ ಹತ್ರ ಇದ್ರೆ ಅಪ್ಪ ಕೊಡೋದು 60 ಪರ್ಸೆಂಟ್, 900. ಇಷ್ಟಕ್ಕೇ ನಿಲ್ಲಿಸಿ ಖುಷಿ ಪಡಬೇಡಿ, ಅಮ್ಮ ಡೇಕೇರಿಗೆ 1,200 ಕಟ್ತಿದ್ರೆ ಸಾಮಾನ್ಯವಾಗಿ ಅದರಲ್ಲೂ ಅದೇ ಪಾಲು, ಇನ್ನೊಂದು 720. ಚಿಕ್ಕ ಮಕ್ಕಳಿದ್ರೆ ಡೇಕೇರೇ ನಿಜವಾದ ಹೊಡೆತ, ಆ ರಸೀದಿ ಎಲ್ಲಾ ಎತ್ತಿಟ್ಕೊಳ್ಳಿ.

ಆದಾಯ ಅಂದ್ರೆ ಬರೀ ಬೇಸ್ ಸಂಬಳ ಅಲ್ಲ. ಬೋನಸ್, ಕಮಿಷನ್, ಬಾಡಿಗೆ, ಕೈಗೆ ಬಂದ ಕಂಪನಿ ಸ್ಟಾಕು, ಇವನ್ನೂ ಎಳ್ಕೊಂಡ್ ಬರ್ತಾರೆ. ಬೇಕು ಅಂತಲೇ ಕೆಲಸ ಬಿಟ್ಟು ಆದಾಯ ಸೊನ್ನೆ ಅಂದ್ರೂ ನಡಿಯಲ್ಲ, ನಿಮ್ಮ ಓದು ಅನುಭವಕ್ಕೆ ಎಷ್ಟು ಸಿಗಬಹುದಿತ್ತೋ ಅಷ್ಟು ಬರ್ತಿದೆ ಅಂತಲೇ ಲೆಕ್ಕ ಹಿಡೀಬಹುದು. ಊರಿಗೆ ಕಳಿಸೋ ದುಡ್ಡು, ಅಲ್ಲಿನ ಸೈಟಿನ ಇಎಂಐ ಕಳೀತಾರೆ ಅಂತ ನಂಬ್ಕೊಂಡು ಕೂರಬೇಡಿ.

ಇನ್ನು ರಾತ್ರಿಗಳ ಲೆಕ್ಕ. ಮಗು ಯಾರ ಮನೇಲಿ ಎಷ್ಟು ರಾತ್ರಿ ಮಲಗತ್ತೆ ಅನ್ನೋದು ತುಂಬಾ ಕಡೆ ಮೊತ್ತನೇ ಬದಲಾಯಿಸತ್ತೆ. ನಾರ್ತ್ ಕೆರೊಲಿನಾದಲ್ಲಿ ಇಬ್ಬರ ಹತ್ರನೂ ವರ್ಷಕ್ಕೆ ಕನಿಷ್ಠ 123 ರಾತ್ರಿ ಇದ್ರೆ ಲೆಕ್ಕಕ್ಕೇ ಬೇರೆ ವರ್ಕ್‌ಶೀಟು, ವರ್ಜೀನಿಯಾದಲ್ಲಿ ಇಬ್ಬರಿಗೂ 90 ದಿನಕ್ಕಿಂತ ಜಾಸ್ತಿ ಇದ್ರೆ ಲೆಕ್ಕ ಬದಲಾಗತ್ತೆ, ಕ್ಯಾಲಿಫೋರ್ನಿಯಾ ಫಾರ್ಮುಲಾದಲ್ಲಂತೂ ಟೈಮ್ ಪರ್ಸೆಂಟೇ ಒಂದು ಮುಖ್ಯ ನಂಬರು. ಅದಕ್ಕೇ ಕೆಲವರಿಗೆ ಇದ್ದಕ್ಕಿದ್ದಂಗೆ ಇನ್ನೆರಡು ವೀಕೆಂಡ್ ಬೇಕು ಅನ್ನಿಸಿಬಿಡತ್ತೆ! ಕ್ಯಾಲೆಂಡರಲ್ಲಿ ನಿಜವಾಗ್ಲೂ ಉಳಿದ ರಾತ್ರಿಗಳನ್ನ ಆವತ್ತಾವತ್ತೇ ಗುರುತು ಹಾಕಿಡಿ.

ಲೆಕ್ಕ ಹಾಕೋಕೆ ಎಷ್ಟೋ ಸ್ಟೇಟ್‌ಗಳು ಆನ್‌ಲೈನ್ ಕ್ಯಾಲ್ಕುಲೇಟರ್ ಕೊಟ್ಟಿವೆ, ಪೇ ಸ್ಟಬ್ (ಸಂಬಳದ ಸ್ಲಿಪ್), ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್ ಪ್ರೀಮಿಯಂ ಮುಂದಿಟ್ಕೊಂಡು ಎರಡ್ಮೂರು ಥರ ಹಾಕಿ ನೋಡಿ. ಟ್ಯಾಕ್ಸ್ ವಿಷ್ಯ ಸಿಂಪಲ್, ಕೊಡೋರಿಗೆ ಡಿಡಕ್ಷನ್ ಇಲ್ಲ, ತಗೊಳ್ಳೋರಿಗೆ ಟ್ಯಾಕ್ಸ್ ಇಲ್ಲ. ಎಷ್ಟು ವಯಸ್ಸಿನ ತನಕ ಅನ್ನೋದೂ ಸ್ಟೇಟ್ ಮೇಲೆ, ನ್ಯೂಯಾರ್ಕಲ್ಲಿ 21.

ಲೇಆಫ್ ಆದ್ರೆ ಮಾತ್ರ ಕೂಡಲೇ ಮೊತ್ತ ಬದಲಾಯಿಸೋ ಮಾಡಿಫಿಕೇಶನ್‌ಗೆ ಅರ್ಜಿ ಹಾಕಿ, ಬಾಯಿಮಾತಲ್ಲಿ "ಸದ್ಯಕ್ಕೆ ಕಮ್ಮಿ ಕೊಡ್ತೀನಿ" ಅಂತ ಒಪ್ಕೊಂಡಿದ್ದು ಉಪಯೋಗಕ್ಕೆ ಬರಲ್ಲ. ಅರ್ಜಿ ನೋಟಿಸ್ ಎದುರಿನವರಿಗೆ ತಲುಪೋಕೆ ಮುಂಚಿನ ಬಾಕಿನ ಕೋರ್ಟೂ ಕಮ್ಮಿ ಮಾಡೋಹಾಗಿಲ್ಲ, 1986ರಿಂದ ಫೆಡರಲ್ ರೂಲೇ ಹಾಗಿದೆ, ಬಾಕಿ 2,500 ಡಾಲರ್ ದಾಟಿದ್ರೆ ಅಮೆರಿಕನ್ ಪಾಸ್‌ಪೋರ್ಟೂ ಸಿಗಲ್ಲ.