ಜೈಲಿನ ಗೇಟಿನಾಚೆಯ ಸಾಲು: ಕೈದಿಗಳ ಮನೆಯವರನ್ನು ಚಿತ್ರೀಕರಿಸುವುದು ಹೇಗೆ

ಅರ್ಜೆಂಟೀನಾದ ಒಲವರ್ರಿಯಾ ಬಳಿಯ ಸಿಯೆರ್ರಾ ಚಿಕಾ ಜೈಲು 1882ರಷ್ಟು ಹಳೆಯದು. ಬ್ಯೂನಸ್ ಐರಿಸ್ ನಗರದಿಂದ ಸುಮಾರು 350 ಕಿ.ಮೀ. ದೂರ. ಭೇಟಿಯ ದಿನ ತಾಯಂದಿರು, ಹೆಂಡಂದಿರು, ಮಕ್ಕಳು ರಾತ್ರಿ ಬಸ್ಸಿನಲ್ಲಿ ಬಂದು ಕತ್ತಲಿರುವಾಗಲೇ ಸಾಲು ನಿಲ್ಲುತ್ತಾರೆ. ಸಾಕ್ಷ್ಯಚಿತ್ರದವರು ಎಡವುವುದೂ ಇಲ್ಲೇ: ಬಂದ ದಿನವೇ ಕ್ಯಾಮೆರಾ ತೆಗೆದು ಸಾಲಿನುದ್ದಕ್ಕೂ ತಿರುಗಿಸುತ್ತಾರೆ. ಮಗ ಜೈಲಲ್ಲಿದ್ದಾನೆಂದು ಅಕ್ಕಪಕ್ಕದವರಿಗೂ ಹೇಳದ ತಾಯಿ ಆ ಸಾಲಿನಲ್ಲಿರಬಹುದು. ಮೊದಲ ಎರಡು ಮೂರು ಭೇಟಿಯ ದಿನ ಕ್ಯಾಮೆರಾ ಇಲ್ಲದೆ ಹೋಗಿ ಪರಿಚಯ ಮಾಡಿಕೊಳ್ಳಿ.

ಗೋಡೆ, ಕಾವಲು ಗೋಪುರ, ಸಿಬ್ಬಂದಿ ಚೌಕಟ್ಟಿನೊಳಗೆ ಬರುವುದಾದರೆ ಪ್ರಾಂತ್ಯದ ಜೈಲು ಇಲಾಖೆಯ ಲಿಖಿತ ಅನುಮತಿ ಮೊದಲೇ ಇರಲಿ. ಅದು ತಡವಾದರೆ ಬಸ್ ನಿಲ್ದಾಣ, ಎದುರಿನ ಅಂಗಡಿ, ಜನ ತಂಗುವ ಕೋಣೆಗಳಲ್ಲಿ ಕೆಲಸ ಶುರು ಮಾಡಿ. ಮುಖ ತೋರಿಸಲು ಒಪ್ಪಿಗೆ ಬೇಕೆನ್ನುತ್ತದೆ ಅಲ್ಲಿನ ಸಿವಿಲ್ ಸಂಹಿತೆಯ 53ನೇ ವಿಧಿ. ಮಕ್ಕಳ ಗುರುತಿಗೆ ಅಲ್ಲಿನ ಮಕ್ಕಳ ಹಕ್ಕುಗಳ ಕಾನೂನಿನ (ಸಂಖ್ಯೆ 26.061) 22ನೇ ವಿಧಿಯ ರಕ್ಷಣೆಯಿದೆ. ಮುಖ ಮಸುಕು ಮಾಡಿದರೆ ಸಾಲದು. ಬ್ಯಾಗಿನ ಮೇಲಿನ ಹೆಸರು, ಅಮ್ಮ ಕೂಗುವ ಅಡ್ಡಹೆಸರು ಕೂಡ ಗುರುತು ಬಿಟ್ಟುಕೊಡುತ್ತವೆ. ಒಪ್ಪಿಗೆಯನ್ನು ಎರಡು ಸಲ ಕೇಳಿ: ಚಿತ್ರೀಕರಣಕ್ಕೆ ಮುನ್ನ ಒಮ್ಮೆ, ಸಂಕಲನ ತೋರಿಸಿದ ಮೇಲೆ ಇನ್ನೊಮ್ಮೆ.

ಜುಲೈ ಅಲ್ಲಿ ಚಳಿಗಾಲ, ಸೂರ್ಯ ಹುಟ್ಟುವಾಗ ಎಂಟು ಗಂಟೆ. ಸಾಲು ನಿಂತಾಗ ಬೆಳಕು ಕಡಿಮೆ, ಹಾಗಾಗಿ 35 ಎಂ.ಎಂ. ಲೆನ್ಸ್, ಎಫ್ 1.8, ಐಎಸ್‌ಓ 3200ರ ಆಸುಪಾಸಿನಿಂದ ಶುರು ಮಾಡಿ. ವಿದ್ಯುತ್ ನಮ್ಮಂತೆಯೇ 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. 1/60 ಇಟ್ಟರೆ ಟ್ಯೂಬ್‌ಲೈಟಿನಡಿ ಚಿತ್ರ ಮಿಣುಕುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಹೆಚ್ಚುವರಿಯವನ್ನು ಅಂಗಿಯ ಒಳಜೇಬಿನಲ್ಲಿಡಿ. ಬಯಲುಗಾಳಿಗೆ ಬೂಮ್ ಮೈಕಿಗೆ ತುಪ್ಪಳದ ಹೊದಿಕೆಯಿಲ್ಲದೆ ಗತಿಯಿಲ್ಲ. ಕಾಲರ್ ಮೈಕನ್ನು ಮಫ್ಲರಿನಡಿ ಸಿಕ್ಕಿಸಿದರೆ ಉಣ್ಣೆ ಉಜ್ಜಿ ಮಾತೇ ಕೇಳದು. ಒಳಅಂಗಿಗೆ ಟೇಪಿನಿಂದ ಅಂಟಿಸಿ.

ಸಾಲಿನಲ್ಲಿ ಸಂದರ್ಶನ ಬೇಡ. ಒಪ್ಪದವರ ದನಿಯೂ ದಾಖಲಾಗುತ್ತದೆ. ಭೇಟಿ ಮುಗಿದ ಮೇಲೆ ಎಲ್ಲರಿಗೂ ಬಸ್ಸಿನ ಧಾವಂತ. ಹಿಂದಿನ ಸಂಜೆ ಕೈದಿಗೆ ಒಯ್ಯುವ ಗಂಟು ಕಟ್ಟುವ ಹೊತ್ತೇ ಒಳ್ಳೆಯದು: ಅಲ್ಲಿನವರು ಚಹಾದಂತೆ ಕುಡಿಯುವ ‘ಮಾತೆ’ ಗಿಡದ ಸೊಪ್ಪು, ಸಕ್ಕರೆ, ಬೇಯಿಸಿದ ಅಡುಗೆ. ತಪಾಸಣೆಯಲ್ಲಿ ಚುಚ್ಚಿ ಕೆದಕುತ್ತಾರೆಂದು ಕೆಲವರು ಮನೆಯಲ್ಲೇ ಕತ್ತರಿಸಿ, ಒಳಗಿರುವುದು ಕಾಣುವ ಚೀಲಕ್ಕೆ ತುಂಬುತ್ತಾರೆ. ಟ್ರೈಪಾಡ್ ನಿಲ್ಲಿಸಿ, ಪ್ರಶ್ನೆ ಕೇಳದೆ, ಇಪ್ಪತ್ತು ನಿಮಿಷ ಒಂದೇ ಶಾಟ್ ಓಡಿಸಿ. ಕೈ ಕೆಲಸದಲ್ಲಿದ್ದಾಗ ಮಾತು ತಾನೇ ಹೊರಬರುತ್ತದೆ.

ಸಂಕಲನದಲ್ಲೇ ಅಪಾಯ ಹೆಚ್ಚು. ಹೊರಗೆ ಹೆಂಡತಿ ಆಡಿದ ಮಾತಿಗೆ ಒಳಗೆ ಗಂಡ ಬೆಲೆ ತೆರಬೇಕಾದೀತು. ಬ್ಯಾರಕ್ ಸಂಖ್ಯೆ, ಕಾವಲುಗಾರರ ಹೆಸರು, ಮೇಲ್ಮನವಿಯ ವಿವರ ತೆಗೆದುಬಿಡಿ. ಕೈದಿಯೊಂದಿಗಿನ ವಿಡಿಯೊ ಕರೆ ತೋರಿಸುವಿರಾದರೆ ಪರದೆಯ ಹಿನ್ನೆಲೆ ನೋಡಿ; ಒಪ್ಪಿಗೆ ಕೊಡದ ಜೊತೆ ಕೈದಿ ಅಲ್ಲಿರಬಹುದು. ಸಬ್‌ಟೈಟಲ್‌ಗೆ ಕಳಿಸುವ ಪ್ರತಿಯಲ್ಲೂ ಹೆಸರುಗಳ ಮೇಲೆ ಬೀಪ್ ಹಾಕಿರಿ, ಮೂಲ ಫೈಲಿನ ಎರಡು ಪ್ರತಿಗಳನ್ನು ಬೇರೆಬೇರೆ ಮನೆಗಳಲ್ಲಿಡಿ.