ರಾತ್ರಿ ಶಿಫ್ಟ್ ಟೀಮಿಗೆ ಆಯುರ್ವೇದ: ಬಾತ್‌ರೂಮ್ ಬ್ರೇಕಿನಿಂದ ಶುರು ಮಾಡಿ

ಬೆಂಗಳೂರಿನಲ್ಲಿ ರಾತ್ರಿ ಶಿಫ್ಟಿನ ಟೀಮ್ ಲೀಡ್ ನಾನು. 18 ಜನರ ಟೀಮು. ಆಫೀಸಿನಲ್ಲಿ ಆಯುರ್ವೇದ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅಶ್ವಗಂಧದ ಡಬ್ಬಿ. ನೀವೂ ಟೀಮ್ ನೋಡಿಕೊಳ್ಳುವವರಾದರೆ ಅದನ್ನು ಪಕ್ಕಕ್ಕಿಡಿ. ಮೊದಲು ಬಾತ್‌ರೂಮ್ ಬ್ರೇಕ್ ಸರಿ ಮಾಡಿ.

ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಮೊದಲ ಭಾಗವಾದ ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳ ಪಟ್ಟಿ ಇದೆ. ವೇಗ ಅಂದರೆ ಇಲ್ಲಿ ಸ್ಪೀಡ್ ಅಲ್ಲ, ಒಳಗಿಂದ ತಾನಾಗಿ ಬರುವ ಒತ್ತಡ. ಮೂತ್ರ, ಮಲ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು ಕೂಡ ಅದರಲ್ಲಿ ಬರುತ್ತವೆ. ಮೂತ್ರ ತಡೆದರೆ ಕಿಬ್ಬೊಟ್ಟೆ ನೋವು, ಮೂತ್ರಕ್ಕೆ ಹೋಗುವಾಗ ಕಷ್ಟ, ತಲೆನೋವು ಅಂತ ಬರೆದಿದೆ.

ನಾನು ಮೊದಲು ಕೆಲಸಕ್ಕಿದ್ದ ಕಡೆ ಸೀಟು ಬಿಟ್ಟು ಏಳಬೇಕಾದರೆ ಗ್ರೂಪಿನಲ್ಲಿ ಟೈಪ್ ಮಾಡಿ, ಲೀಡ್ ‘ಓಕೆ’ ಅನ್ನುವವರೆಗೆ ಕಾಯಬೇಕಿತ್ತು. 40 ಜನ ಓದುವ ಗ್ರೂಪು. ನಾಚಿಕೆಗೆ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಸಂಜೆ ತುಂಬಿಸಿಕೊಂಡು ಹೋದ ಸ್ಟೀಲ್ ಬಾಟಲಿ ಬೆಳಗ್ಗೆ ಅಷ್ಟೇ ಭಾರವಾಗಿ ಮನೆಗೆ ಬರುತ್ತಿತ್ತು. ಆ ವರ್ಷ ಎರಡು ಸಲ ಮೂತ್ರದ ಸೋಂಕಾಯಿತು. ಎರಡನೇ ಸಲ ಮಾತ್ರೆ ಬರೆಯುತ್ತಾ ಡಾಕ್ಟರಮ್ಮ ಕೇಳಿದರು, “ಆಫೀಸಲ್ಲಿ ಎಷ್ಟು ಸಲ ಏಳ್ತೀಯಮ್ಮ?” ನನ್ನ ಹತ್ತಿರ ಉತ್ತರವಿರಲಿಲ್ಲ.

ಅದಕ್ಕೇ ನನ್ನ ಟೀಮಿನಲ್ಲಿ ಪರ್ಮಿಷನ್ ಕೇಳುವ ಹಾಗಿಲ್ಲ. ಕಾಲ್ ಮುಗಿಯಿತಾ, ಸ್ಟೇಟಸ್ ಬದಲಿಸಿ ಎದ್ದು ಹೋಗುವುದು ಅಷ್ಟೇ. ಕಾಲ್ ಜಾಸ್ತಿ ಬರುವ ಹೊತ್ತಿನಲ್ಲಿ ನಾನೇ ಹೆಡ್‌ಸೆಟ್ ಹಾಕಿಕೊಳ್ಳುತ್ತೇನೆ. ನೀವೂ ಹಾಕಿಕೊಳ್ಳಿ. ಮೇಲಿನವರಿಗೆ ಒಬ್ಬೊಬ್ಬರ ಬ್ರೇಕ್ ನಿಮಿಷ ಕಳಿಸಬೇಡಿ, ಇಡೀ ಟೀಮಿನದು ಒಟ್ಟಿಗೆ ಕಳಿಸಿ. ಯಾರಾದರೂ ಪದೇ ಪದೇ ಎದ್ದು ಹೋಗುತ್ತಿದ್ದರೆ ಕಾರಣ ಕೆದಕಬೇಡಿ. ಉರಿ, ಜ್ವರ ಅಂದರೆ ರಜೆ ಕೊಟ್ಟು ಡಾಕ್ಟರ ಹತ್ತಿರ ಕಳಿಸಿ.

ಚರಕಸಂಹಿತೆಯ ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳೂ ಇವೆ. ಸಿಟ್ಟು, ಅಸೂಯೆ, ಒರಟು ಮಾತು. ಲೀಡ್ ಆದವರು ಈ ಭಾಗ ಎರಡು ಸಲ ಓದಬೇಕು. ತಪ್ಪಾದರೆ ಪಕ್ಕಕ್ಕೆ ಕರೆದು ಹೇಳಿ, ಎಲ್ಲರೆದುರು ಬೇಡ.

ಊಟದ ವಿಷಯ ಸುಲಭ. ರಾತ್ರಿ ಮೊಸರು ಬೇಡ ಅನ್ನುತ್ತದೆ ಆಯುರ್ವೇದ. ಕ್ಯಾಂಟೀನಿನವರಿಗೆ ಹೇಳಿ ಮೊಸರನ್ನದ ಬದಲು ಜೀರಿಗೆ ಹಾಕಿದ ತೆಳು ಮಜ್ಜಿಗೆ, ಪೂರಿಯ ಬದಲು ಹೆಸರುಬೇಳೆ ಪೊಂಗಲ್ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದವರು ಅವರ ಡಾಕ್ಟರ್ ಹೇಳಿದಂತೆ ತಿನ್ನಲಿ.

ಇನ್ನು ನಿದ್ದೆ. ರಾತ್ರಿ ಎಚ್ಚರವಿದ್ದವರು ಎಚ್ಚರವಿದ್ದ ಹೊತ್ತಿನ ಅರ್ಧದಷ್ಟು ಹೊತ್ತು ಬೆಳಗ್ಗೆ, ಊಟಕ್ಕೆ ಮುಂಚೆ ಮಲಗಬೇಕು ಅಂತ ವಾಗ್ಭಟನ ಅಷ್ಟಾಂಗಹೃದಯ ಅನ್ನುವ ಇನ್ನೊಂದು ಹಳೆಯ ಆಯುರ್ವೇದ ಗ್ರಂಥ ಹೇಳುತ್ತದೆ. ದಿನಾ ರಾತ್ರಿ ದುಡಿಯುವ ನಮಗೆ ಅರ್ಧ ಸಾಲದು, ಪೂರ್ತಿ ನಿದ್ದೆಯೇ ಬೇಕು. ಆದರೆ ‘ಊಟಕ್ಕೆ ಮುಂಚೆ’ ಅನ್ನುವ ಮಾತು ನನ್ನ ಎದೆಯುರಿ ತಗ್ಗಿಸಿತು. ಮೊದಲೆಲ್ಲ ಕ್ಯಾಬ್ ಇಳಿದವಳೇ ಮಸಾಲೆ ದೋಸೆ ತಿಂದು ಮಲಗುತ್ತಿದ್ದೆ. ಈಗ 4 ಗಂಟೆಗೆ ಆಫೀಸಿನಲ್ಲೇ ಸ್ವಲ್ಪ ಗಂಜಿ, ಮನೆಗೆ ಬಂದು ನೇರ ನಿದ್ದೆ. ನಿಮ್ಮ ಕಡೆಯಿಂದ ಆಗಬೇಕಾದದ್ದು ಒಂದೇ: ಬೆಳಗ್ಗೆ 11ಕ್ಕೆ ಟ್ರೈನಿಂಗ್ ಇಟ್ಟು ಅವರನ್ನು ಎಬ್ಬಿಸಬೇಡಿ. ಶಿಫ್ಟ್ ಶುರುವಾದ ಮೊದಲ ಗಂಟೆಯಲ್ಲೇ ಮುಗಿಸಿ.

ಮಲಗುವ ಮುಂಚೆ ಅಂಗಾಲಿಗೆ ಒಂದು ಚಮಚ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಳ್ಳಲು ಹೇಳಿ. ಮೇಲೆ ಹಳೇ ಕಾಲುಚೀಲ ಹಾಕಿಕೊಳ್ಳಲಿ, ಇಲ್ಲದಿದ್ದರೆ ಬೆಡ್‌ಶೀಟಿಗೆಲ್ಲ ಎಣ್ಣೆ ಹತ್ತುತ್ತದೆ.